ಊರಿಗೆಲ್ಲ ಚಿನ್ನ

"ಇಲ್ಲಿ ಕೂತ್ಕೊಳ್ಲಾ ಚಿನ್ನ?"

ಡಾರೆನ್ ಕೇಳಿದ್ದು ಹೆಂಡತಿಯನ್ನಲ್ಲ, ಮಧ್ಯಸ್ಥಿಕೆ ಕಚೇರಿಯ ರಿಸೆಪ್ಶನಿಸ್ಟ್ ಹುಡುಗಿಯನ್ನು. ಆಗಷ್ಟೇ ಒಳಕೋಣೆಯಿಂದ ಹೊರಬಂದ ಕರ್ಸ್ಟಿಗೆ ಮೈಯೆಲ್ಲ ಉರಿಯಿತು. ಎದುರಾಗಬಾರದೆಂದೇ ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಟ್ಟಿದ್ದರು. ಇವನು ಎಂದಿನಂತೆ ಬೇಗ ಬಂದು ಕೂತಿದ್ದ.

ಇಂಗ್ಲೆಂಡಿನ ಈ ಬಾರ್ನ್ಸ್ಲಿ ಊರಿನಲ್ಲಿ ಬಸ್ ಡ್ರೈವರನಿಂದ ಮೀನಂಗಡಿಯವನವರೆಗೆ ಎಲ್ಲರೂ ಎಲ್ಲರಿಗೂ ಚಿನ್ನವೇ. ಡಾರೆನ್‌ಗೆ ಅವನ ಹೆಂಡತಿ ಮಾತ್ರ ಒಂದು ವರ್ಷದಿಂದ ಬರೀ 'ಕರ್ಸ್ಟಿ'.

ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕುವ ಮೊದಲು ಈ ಭೇಟಿ ಆಗಲೇಬೇಕಿತ್ತು. ಮಗಳು ಐವಿ ಯಾರ ಮನೆಯಲ್ಲಿರಬೇಕೆಂದು ಒಟ್ಟಿಗೆ ಕೂತು ನೀವೇ ತೀರ್ಮಾನಿಸಬಹುದು, ಬೇಡವೆಂದರೆ ಅರ್ಜಿಗೆ ಬೇಕಾದ ಪತ್ರಕ್ಕೆ ನಾನು ಸಹಿ ಮಾಡಿಕೊಡುತ್ತೇನೆ, ಕೋರ್ಟು ತೀರ್ಮಾನಿಸುತ್ತದೆ ಎಂದು ಮಧ್ಯಸ್ಥಿಕೆ ನಡೆಸುವ ಮಿಸೆಸ್ ಹೋಲ್ರಾಯ್ಡ್ ಒಳಗೆ ನಿಧಾನವಾಗಿ ವಿವರಿಸಿದ್ದರು. ಕರ್ಸ್ಟಿ ಸಹಿಯನ್ನೇ ಕೇಳಿದ್ದಳು.

"ಅವಳು ಚಿನ್ನ, ಬಸ್ಸಿನವನೂ ಚಿನ್ನ. ನಾನೇನು ತಗಡಾ?"

ಡಾರೆನ್ ತಲೆಯೆತ್ತಿದ. ಅವನ ಕಿವಿಯ ತುದಿ ಕೆಂಪಾಯಿತು. ಒಂದು ಕಾಲಕ್ಕೆ ಆ ಕೆಂಪು ನೋಡಲೆಂದೇ ಅವಳು ಅವನನ್ನು ಕೆಣಕುತ್ತಿದ್ದಳು. ಈಗ ಅದೂ ಸಿಟ್ಟು ಬರಿಸಿತು.

"ಬೇಡ ಅಂದೋಳು ನೀನೇ ಅಲ್ವೇನೇ?"

"ಯಾವಾಗ?"

"ನಿಮ್ಮಕ್ಕನ ಮದುವೇಲಿ. 'ಮೀನಂಗಡಿಯವನನ್ನ ಕರೆಯೋ ಹಾಗೆ ನನ್ನ ಕರೀಬೇಡ, ನಂಗೊಂದು ಹೆಸರಿದೆ' ಅಂತ ಎಲ್ಲರೆದುರು ಕಿರುಚಿದೆ. ಅವತ್ತಿಂದ ಆ ಹೆಸರನ್ನೇ ಹಿಡ್ಕೊಂಡಿದ್ದೀನಿ. ಬೇರೆ ಯಾರಿಗೂ ಇಲ್ಲದ್ದು ನಿಂಗಿರ್ಲಿ ಅಂತ."

ಕರ್ಸ್ಟಿಗೆ ನೆನಪಾಯಿತು. ಸಿಟ್ಟು ಇಳಿಯುವ ಬದಲು ಇಮ್ಮಡಿಯಾಯಿತು.

"ಕುಡಿದು ಆಡಿದ ಮಾತು ಕಣೋ ಅದು! ಒಂದು ವರ್ಷ! ನಿಂಗೆ ನಾನು ಬೇಡವಾದೆ ಅಂದ್ಕೊಂಡು ಮನೆ ಬಿಟ್ಟೆ. ಒಂದ್ಸಲ ಕೇಳೋಕೆ ಬಾಯಿರ್ಲಿಲ್ವಾ?"

"ನಿಂಗಿತ್ತಾ?"

ರಿಸೆಪ್ಶನಿಸ್ಟ್ ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡಳು. ಒಳಬಾಗಿಲು ತೆರೆಯಿತು.

"ಡಾರೆನ್, ಬಾ ಚಿನ್ನ," ಎಂದರು ಮಿಸೆಸ್ ಹೋಲ್ರಾಯ್ಡ್.

ಇಬ್ಬರ ಕಣ್ಣೂ ಕೂಡಿದವು. ನಗು ಬರದಂತೆ ಕರ್ಸ್ಟಿ ತುಟಿ ಕಚ್ಚಿದಳು. ಅವನು ಅದನ್ನು ನೋಡಿಬಿಟ್ಟ.

"ಹಾಗಾದ್ರೆ ಇನ್ಮೇಲೆ ಏನಂತ ಕರೀಲಿ?" ಅವನ ದನಿ ಇಳಿದಿತ್ತು.

"ಮೊದ್ಲು ಕರಿ, ಕತ್ತೆ. ಸರಿಯಾಯ್ತಾ ಅಂತ ಆಮೇಲೆ ಹೇಳ್ತೀನಿ."

ಅವಳು ಮಿಸೆಸ್ ಹೋಲ್ರಾಯ್ಡ್ ಕಡೆ ತಿರುಗಿದಳು.

"ಸಹಿ ಇವತ್ತು ಬೇಡ. ನಮ್ಮಿಬ್ಬರಿಗೂ ಒಟ್ಟಿಗೆ ಒಂದು ದಿನ ಕೊಡಿ. ಇವನ ಜೊತೆ ಜಗಳ ಇನ್ನೂ ಬಾಕಿಯಿದೆ, ಅದನ್ನ ಜಡ್ಜ್ ಕೈಗೆ ಕೊಡೋಕೆ ನಂಗಿಷ್ಟವಿಲ್ಲ."