ನೈರೋಬಿಯಿಂದ ಬಂದ ದನಿ

ಅಟ್ಟದ ಮೇಲೆ ಹೆಂಚು ಕಿತ್ತಿತ್ತು. ಟೇಪ್‌ರೆಕಾರ್ಡರ್ ಮಾತ್ರ ಇದ್ದಲ್ಲೇ ಇತ್ತು. ಹೋಗಿದ್ದು ಒಂದೇ ಒಂದು ಸ್ಪೂಲು, ಟೇಪು ಸುತ್ತಿದ ಚಕ್ರ.

ದಬ್ಬೇಘಟ್ಟದ ಆ ಮನೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಗಂಗಾಧರಯ್ಯ ಟೋಪಿ ತೆಗೆದು ಕಂಬಕ್ಕೆ ಒರಗಿದರು. ಅವರ ಮಗಳಿಗೆ ಜ್ವರ. ಎರಡು ದಿನದಿಂದ ನಿದ್ದೆಯಿಲ್ಲ.

“ಇಂಥ ಮಿಷೀನ್ ಬುಟ್ಟು ಬರೀ ಚಕ್ರ ಕದಿಯೋ ಕಳ್ಳ ಯಾರಮ್ಮ?”

“ನಂಗೇನ್ ಗೊತ್ತು ಸ್ವಾಮಿ. ತವರಿಂದ ಬೆಳಗ್ಗೆ ಬಂದೆ, ಇರ್ಲಿಲ್ಲ,” ಎಂದರು ಮೀನಾಕ್ಷಮ್ಮ. “ಅದ್ರಾಗೆ ನಮ್ಮೆಜಮಾನ್ರ ದನಿ ಇತ್ತು. ಫೋಟೋ ಐತೆ. ದನಿ ಇನ್ನೆಲ್ಲೂ ಇಲ್ಲ.”

ತೀರಿಕೊಂಡ ಗಂಡ ತೋಂಟದಾರ್ಯ ಹರೆಯದಲ್ಲಿ ನೈರೋಬಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಹೊತ್ತು ಅಲ್ಲಿನ ರೇಡಿಯೋದ ಇಂಗ್ಲಿಷ್ ಪತ್ತೇದಾರಿ ನಾಟಕದಲ್ಲಿ ಪೊಲೀಸ್ ಪಾತ್ರ. ಆ ನಾಟಕದ ಸ್ಪೂಲನ್ನು ಹುಡುಕಿ ತರಿಸಿದವರು ತಿಪಟೂರಿನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಶಂಭುಲಿಂಗಯ್ಯ. ಮಿಷೀನೂ ಅವರದೇ.

“ಮೇಷ್ಟ್ರು ಹೋದ್ವಾರ ಆ ಸ್ಪೂಲನ್ನ ವಾಪಸ್ ಕೇಳಿದ್ರು ಸಾರ್,” ಎಂದ ಮೈದುನ ಬೆಟ್ಟಸ್ವಾಮಿ, ಯಾರೂ ಕೇಳದೆಯೇ.

* * *

“ಕೇಳಿದ್ದು ನಿಜ ಕಣ್ರೀ,” ಎಂದರು ಶಂಭುಲಿಂಗಯ್ಯ, ತಿಪಟೂರಿನ ತಮ್ಮ ಮನೆಯಲ್ಲಿ. ಒಂದೇ ಹಳೆಯ ಅಮೆರಿಕನ್ ರೇಡಿಯೋ ನಾಟಕವನ್ನು ಬೇರೆ ಬೇರೆ ದೇಶದವರು ಹೇಗೆ ಮತ್ತೆ ಆಡಿದರು ಎಂದು ಹುಡುಕುವುದು ಅವರ ಹುಚ್ಚು. “ಅಮೆರಿಕದಲ್ಲಿ ಕೊಲೆಗಾರನಿಗೆ ಗಲ್ಲು. ಆಸ್ಟ್ರೇಲಿಯಾದವರು ಅವನನ್ನ ಹಡಗು ಹತ್ತಿಸಿ ಕಳಿಸಿಬಿಟ್ಟರು. ನೈರೋಬಿಯವರು ಏನು ಮಾಡಿದರು? ಪೂರ್ತಿ ಕೇಳೋ ಮೊದಲೇ ಆಯಮ್ಮನಿಗೆ ಕೊಟ್ಟೆ. ಅದಕ್ಕೇ ಒಂದು ಸಲ ಬೇಕಿತ್ತು.”

“ಕೊಡಲ್ಲ ಅಂದಿದ್ರಾ?”

“ಅಲ್ಲೇ ಬಂದು ಕೇಳಿ ಅಂದ್ರು. ಇನ್ನು ಹೆಂಚು ಕೀಳೋ ಮಾತು. ನನ್ನ ಮಂಡಿ ನೋಡ್ರಿ, ಬಸ್ಸು ಹತ್ತಿದ್ರೆ ಇಳಿಯೋಕಾಗಲ್ಲ.”

ಗಂಗಾಧರಯ್ಯ ನಿಟ್ಟುಸಿರುಬಿಟ್ಟರು. “ಬನ್ನಿ ಮೇಷ್ಟ್ರೇ, ಸ್ಪೂಲು ಸಿಕ್ರೆ ಗುರುತು ಹಿಡಿಯೋಕೆ ನೀವೇ ಬೇಕು. ಜೀಪಿಂದ ನಾನೇ ಇಳಿಸ್ತೀನಿ.”

* * *

ದಬ್ಬೇಘಟ್ಟಕ್ಕೆ ಮರಳಿದ ಗಂಗಾಧರಯ್ಯ ಈ ಸಲ ಅಟ್ಟ ಹತ್ತಿದರು. ಕೊಬ್ಬರಿಯಾಗಲೆಂದು ಏರಿಸಿದ ತೆಂಗಿನಕಾಯಿ ಹೊಗೆ ಹಿಡಿದು ಕಪ್ಪಗೆ ಕೂತಿದ್ದವು. ವರ್ಷದ ಹತ್ತಿರ ಅವನ್ನು ಯಾರೂ ಅಲುಗಿಸುವುದಿಲ್ಲ. ಪೆಟ್ಟು ಬಿದ್ದ ಕಾಯಿ ಒಳಗೇ ಕೊಳೆಯುತ್ತದೆ. ಕಿತ್ತ ಹೆಂಚಿನ ಕೆಳಗೆ ಕಾಯಿಗಳ ಮೇಲೆ ಗೋಣಿಚೀಲ ಹಾಸಿತ್ತು. ನಾಲ್ಕು ಪದರ. ಹೆಂಚಿನ ಚೂರೆಲ್ಲ ಚೀಲದ ಮೇಲೆ. ಕಾಯಿಗಳ ಮಸಿ ಒಂದಿಷ್ಟೂ ಕದಡಿರಲಿಲ್ಲ.

ಇಳಿದು ಬಂದು ಕೈ ಒರೆಸಿಕೊಂಡರು.

“ಬೆಟ್ಟಸ್ವಾಮಿ, ಚೂರು ಚೀಲದ ಮೇಲೆ ಬಿದ್ದವೆ. ಅಂದ್ರೆ ಚೀಲ ಮೊದ್ಲು, ಹೆಂಚು ಆಮೇಲೆ. ಹೊರಗ್ಲಿಂದ ಬರೋನು ಒಳಗೆ ಮೊದ್ಲೇ ಹೆಂಗ್ಲಾ ಹಾಸ್ತಾನೆ?”

ಬೆಟ್ಟಸ್ವಾಮಿ ಹೆಗಲ ಟವೆಲ್ ಕೊಡವಿ ಮತ್ತೆ ಹಾಕಿಕೊಂಡ.

“ಹೆಂಚು ಕಿತ್ತೋನು ಒಳಗಿನೋನು. ಅದೂ ಈ ಕಾಯಿ ಏರಿಸಿದೋನು, ನೀನು. ಕಳ್ಳತನದ ನಾಟಕ ಆಡೋವಾಗ್ಲೂ ಕಾಯಿಗೆ ಪೆಟ್ಟು ಮಾಡೋಕೆ ಕೈ ಬರ್ಲಿಲ್ಲ, ಅಲ್ವೇನಪ್ಪ?”

ಆತ ಅಟ್ಟ ಹತ್ತಿ ಮೂಲೆಗೆ ಕೈಹಾಕಿ ಸ್ಪೂಲು ತಂದುಕೊಟ್ಟ. ಅತ್ತಿಗೆಯ ಮುಖ ನೋಡಲಿಲ್ಲ.

“ನನ್ ಮಗ್ಳು ಗುರುಸಿದ್ದಿ ಗಂಡನ ಮನೆಗೆ ಹೊಂಟಿದ್ಲು. ಅವಳ ಹಾಡು ಇಟ್ಕಳಣ ಅಂತ ಇದ್ರಾಗೆ ತುಂಬ್ದೆ. ಮೇಲೆ ತುಂಬುದ್ರೆ ಕೆಳಗಿಂದು ಅಂಗೇ ಇರ್ತದೆ ಅಂದ್ಕಂಡೆ ಸಾರ್, ಅಟ್ಟದಂಗೆ. ಆಮೇಲೆ ಹಾಕಿ ನೋಡಿದ್ರೆ ಅಣ್ಣನೇ ಇಲ್ಲ. ಅತ್ಗೆಗೆ ಏನಂತ ಹೇಳ್ಲಿ? ಕಳ್ಳ ಒಯ್ದ ಅಂದ್ರೆ ಕಳ್ಳನ್ನ ಬೈಕಂಡು ಸುಮ್ಕಾಗ್ತಾರೆ ಅಂತ.”

* * *

ಮೇಷ್ಟ್ರು ಸ್ಪೂಲು ಹಾಕಿದರು. ಗುರುಸಿದ್ದಿ ಹಾಡಿದ ಮದುವೆಯ ಸೋಬಾನೆ. ಮತ್ತೊಂದು ಸೋಬಾನೆ. ಚಕ್ರ ಬರಿದಾಗುತ್ತ ಬಂತು. ಮೀನಾಕ್ಷಮ್ಮ ಸೆರಗು ಹಿಡಿದು ಕೂತಿದ್ದರು.

ಟಕ್ಕೆಂದಿತು. ಹಾಡು ನಿಂತಿತು.

ಟೇಪಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಇಂಗ್ಲಿಷಿನಲ್ಲಿ ಎರಡೇ ಮಾತು. ಆಮೇಲೆ ಬರೀ ವಾದ್ಯ.

ಮೀನಾಕ್ಷಮ್ಮ ಎದ್ದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಿದ್ದರು. ನಿಂತರು.

“ಕಾಫಿ ಬೇಕಾದಾಗ ಅಂಗೇ ಮಾಡೋರು,” ಎಂದರು. “ಏನಂದ್ರು ಮೇಷ್ಟ್ರೇ?”

“ಕೆಲಸ ಮುಗೀತು, ಇನ್ನು ಮನೆಗೆ ಹೊರಡೋಣ, ಅಂದ್ರಮ್ಮ.”

“ಆ ಕೊಲೆಗಾರನಿಗೆ ಏನ್ ಮಾಡುದ್ರಂತೆ?” ಎಂದು ಕೇಳಿದರು ಗಂಗಾಧರಯ್ಯ.

“ಅದು ಸೋಬಾನೆ ಅಡಿಯಲ್ಲಿ ಹೋಯ್ತು ಕಣ್ರೀ. ಇನ್ನು ಗೊತ್ತಾಗಲ್ಲ.”

ಗಂಗಾಧರಯ್ಯ ಮೀನಾಕ್ಷಮ್ಮನ ಕಡೆ ತಿರುಗಿದರು. “ನೀವೇ ಹೇಳಿ. ಕಂಪ್ಲೇಂಟ್ ಏನ್ ಮಾಡ್ಲಿ?”

ಆಕೆ ಮೈದುನನಿಗೆ ಅಟ್ಟದ ಕಡೆ ಕೈ ತೋರಿಸಿದರು.

“ಹೋಗಿ ಹೆಂಚು ಹೊದ್ಸು. ಮಳೆ ಬಂದ್ರೆ ಕಾಯಿ ಹೋಯ್ತದೆ. ಆ ಮಿಷೀನ್ ಮುಟ್ಟುದ್ಯೋ, ಆಗ ಇವರನ್ನ ಕರುಸ್ತೀನಿ.” ಮೇಷ್ಟ್ರ ಕಡೆ ತಿರುಗಿದರು. “ಆ ಗಂಟಲು ಸರಿಮಾಡ್ಕಂಡಿದ್ದು, ಇನ್ನೊಂದ್ಸಲ ಹಾಕಿ.”

ಗಂಗಾಧರಯ್ಯ ಟೋಪಿ ಎತ್ತಿಕೊಂಡು ಮಗಳ ಬಳಿಗೆ ಹೊರಟರು. ಹಿಂದೆ ಮತ್ತೆ ಆ ದನಿ ಕೇಳಿಸಿತು.