ಎಂಟನೇ ಸಾಲು

ಮಂಗಳವಾರ ಮಧ್ಯಾಹ್ನ 3.50ಕ್ಕೆ ಮುದಿ ವಾಚ್‌ಮನ್ ಏದುಸಿರು ಬಿಡುತ್ತ ಠಾಣೆಗೆ ಬಂದ. ಅಂಗಿಯ ಎದೆಯೆಲ್ಲ ರಕ್ತ. ಅವನು ಕಾಯುವ ಗೋದಾಮಿನಲ್ಲಿ ಇನ್ನೂರು ಯಂತ್ರಗಳು ಹಗಲಿರುಳು ಕ್ರಿಪ್ಟೋ ನಾಣ್ಯ ತೆಗೆಯುತ್ತಿದ್ದವು. ಅದಕ್ಕೆ ಸೀಲ್ ಹಾಕಲು ಬಂದ ವಿದ್ಯುತ್ ಇಲಾಖೆಯ ಅಧಿಕಾರಿ ಒಳಗೆ ಸತ್ತು ಬಿದ್ದಿದ್ದಾರೆ ಎಂದ. 4.10ಕ್ಕೆ ಎಫ್‌ಐಆರ್ ಆಯಿತು.

ಪಂಚನಾಮೆಗೆ ಹೊರಟ ಇನ್‌ಸ್ಪೆಕ್ಟರನ್ನು ಹೆಡ್ ಕಾನ್ಸ್‌ಟೆಬಲ್ ಬಾಗಿಲಲ್ಲೇ ತಡೆದ. ಹಿಂದಿನ ವಾರ ಇದೇ ಅಧಿಕಾರಿ ಗೇಟಿನಲ್ಲಿ ಮುದುಕನ ಕೆನ್ನೆಗೆ ಬಾರಿಸಿದ್ದು ಅವನಿಗೆ ಗೊತ್ತಿತ್ತು.

"ತಾತನ್ನ ಸ್ವಲ್ಪ ವಿಚಾರಿಸ್ಲಾ ಸಾರ್?"

ಇನ್‌ಸ್ಪೆಕ್ಟರ್ ಗಡಿಬಿಡಿಯಲ್ಲಿ ಹೂಂ ಎಂದರು. ಜೀಪು ಹತ್ತಿದ ಮೇಲೆ ಒಮ್ಮೆ ಠಾಣೆಯತ್ತ ತಿರುಗಿ ನೋಡಿ, ಗೋದಾಮಿಗೆ ಹೊರಟರು.

ಯಂತ್ರಗಳ ಏಳನೇ ಮತ್ತು ಎಂಟನೇ ಸಾಲಿನ ನಡುವೆ ಹೆಣ ಬೋರಲಾಗಿ ಬಿದ್ದಿತ್ತು. ಸ್ಪ್ಯಾನರಿನಂಥ ಉದ್ದನೆಯ ಕಬ್ಬಿಣದಿಂದ ಮೂರು ಏಟು. ತಲೆಬುರುಡೆ ಒಡೆದಿತ್ತು, ದವಡೆ ಕಿತ್ತು ಬಂದಿತ್ತು. ಬೀಳುವಾಗ ಆಸರೆಗೆ ಹಿಡಿದ ಎಂಟನೇ ಸಾಲಿನ ದಪ್ಪ ಕೇಬಲ್ ಮೇಲೆ ಐದು ಬೆರಳಿನ ರಕ್ತದ ಗುರುತು. ಆದರೆ ಕೇಬಲ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು.

ಯಂತ್ರಗಳೆಲ್ಲ ಆಫ್ ಆಗಿದ್ದವು. ಹೊಸ ಸರ್ಕಾರಿ ಆದೇಶದಂತೆ ಬುಧವಾರ ಬೆಳಿಗ್ಗೆಯೊಳಗೆ ಗೋದಾಮು ಖಾಲಿಯಾಗಬೇಕಿತ್ತು. ಮಂಗಳವಾರ ಮಧ್ಯಾಹ್ನ ಹನ್ನೆರಡರ ನಂತರವೂ ಓಡುತ್ತಿದ್ದ ಯಂತ್ರ ಜಪ್ತಿ. ನಿಂತದ್ದನ್ನು ಮಾಲೀಕ ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಮಾಲೀಕ ರಾಜ್ಯದ ಗಡಿಯಾಚೆ ಜಾಗ ಹುಡುಕಿ, ಸಂಜೆ ಆರಕ್ಕೆ ಲಾರಿ ಗೊತ್ತು ಮಾಡಿದ್ದ. ಹನ್ನೆರಡಕ್ಕೇ ಎಲ್ಲ ನಿಲ್ಲಿಸಿದೆವು ಎಂದು ಫೋನಿನಲ್ಲಿ ಅವನೂ ಹೇಳಿದ, ಯಂತ್ರ ನೋಡಿಕೊಳ್ಳುವ ಅವನ ಟೆಕ್ನಿಷಿಯನ್ನೂ ಹೇಳಿದ. ವಾಚ್‌ಮನ್ ಮಾತ್ರ, ಮೂರೂವರೆ ಹೊತ್ತಿಗೆ ಸದ್ದು ನಿಂತಿದ್ದಕ್ಕೇ ತಾನು ಒಳಗೆ ಹೋದದ್ದು, ಹೆಣ ಎತ್ತಲು ಹೋಗಿ ಅಂಗಿಗೆ ರಕ್ತ ಹತ್ತಿದ್ದು, ಸದ್ದಿದ್ದಾಗ ಒಳಗೆ ಯಾರು ಕಿರುಚಿದರೂ ಗೇಟಿಗೆ ಕೇಳುವುದಿಲ್ಲ ಎಂದಿದ್ದ.

ಇನ್‌ಸ್ಪೆಕ್ಟರ್ ಒಂದು ಯಂತ್ರದ ಮೇಲೆ ಅಂಗೈ ಇಟ್ಟು ಸರಕ್ಕನೆ ಹಿಂತೆಗೆದರು. ಇನ್ನೂ ಬಿಸಿಯಿತ್ತು; ಹನ್ನೆರಡಕ್ಕೇ ನಿಂತಿದ್ದರೆ ಇಷ್ಟು ಹೊತ್ತಿಗೆ ತಣ್ಣಗಾಗಿರಬೇಕಿತ್ತು. ಗಂಟೆ 4.40.

ಅಷ್ಟರಲ್ಲಿ ಹೆಡ್ ಕಾನ್ಸ್‌ಟೆಬಲ್ ಫೋನ್ ಮಾಡಿದ. "ತಾತಂಗೆ ಜ್ಞಾಪಕ ಬಂತು ಸಾರ್. ಒಪ್ಕೊಂಡ."

"ಕೈ ತೆಗಿ ಅವನ ಮೇಲಿಂದ."

"ಎರಡು ಬೆರಳು..."

"ಆಸ್ಪತ್ರೆಗೆ ಕರ್ಕೊಂಡು ಹೋಗು. ಈಗ್ಲೇ."

ಆದರೆ ಬಿಸಿ ಯಂತ್ರ ನ್ಯಾಯಾಲಯದ ಹೊತ್ತಿಗೆ ತಣ್ಣಗಾಗಿರುತ್ತದೆ. ತಪ್ಪೊಪ್ಪಿಗೆಯ ಕಾಗದವಾದರೆ ಹಾಗೇ ಉಳಿಯುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲದಿದ್ದರೂ, ಕೇಸು ಮುಗಿಯುವವರೆಗೆ ಮುದುಕ ಜೈಲಲ್ಲಿ ಕೂರುವುದು ಖಂಡಿತ. ಪ್ರತಿ ಯಂತ್ರ ಎಷ್ಟು ಹೊತ್ತು ಓಡಿತು ಎಂಬ ದಾಖಲೆ ಮಾಲೀಕನ ಫೋನಿಗೆ ತಾನಾಗಿ ಬರುತ್ತದೆಂದು ಇನ್‌ಸ್ಪೆಕ್ಟರಿಗೆ ಗೊತ್ತಿತ್ತು. ಕೇಳಿದರೆ ಮಾಲೀಕ ಜಾರಿಕೊಂಡ. ಲಾರಿಗಳನ್ನು ಠಾಣೆಯ ಮುಂದೆ ನಿಲ್ಲಿಸಿಕೊಳ್ಳುತ್ತೇನೆ ಎಂದು ಇನ್‌ಸ್ಪೆಕ್ಟರ್ ಬೆದರಿಸಿದ ಮೇಲೆ ದಾಖಲೆ ಕಳಿಸಿದ.

3.12ಕ್ಕೆ, ಅಧಿಕಾರಿ ಬೀಳುತ್ತ ಕೇಬಲ್ ಕಿತ್ತಾಗ, ಎಂಟನೇ ಸಾಲು ನಿಂತಿತ್ತು. 3.21ಕ್ಕೆ ಯಾರೋ ಕೇಬಲ್ ಸಿಕ್ಕಿಸಿ ಮತ್ತೆ ಶುರು ಮಾಡಿದ್ದರು. 3.34ಕ್ಕೆ ಎಲ್ಲವೂ ಆಫ್. ನಿಂತ ಸಾಲನ್ನು ಮತ್ತೆ ಓಡಿಸಲು ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದದ್ದು ಟೆಕ್ನಿಷಿಯನ್ ಒಬ್ಬನಿಗೇ; ಗೇಟಿಗೆ ಕಾಣದ ಹಿಂಬಾಗಿಲಿನ ಕೀಲಿಯೂ ಅವನಲ್ಲೇ ಇತ್ತು.

ಸಂಜೆ 6.15ಕ್ಕೆ ಅವನ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಅವನು ಬಾಗಿಲ ಸಂದಿಯಿಂದಲೇ ಸ್ಪ್ಯಾನರ್ ಬೀಸಿದ. ಮುಂದಿದ್ದ ಕಾನ್ಸ್‌ಟೆಬಲ್‌ನ ಹುಬ್ಬು ಸೀಳಿ ಕಣ್ಣು ಕಾಣದಷ್ಟು ರಕ್ತ ಇಳಿಯಿತು. ಇಬ್ಬರು ಮೇಲೆ ಬಿದ್ದು, ಗೋಡೆಗೆ ಮುಖ ಅಪ್ಪಳಿಸಿ ಕೈಕೋಳ ಹಾಕಿದರು. ಸ್ಪ್ಯಾನರಿನ ಬಾಯಲ್ಲಿ ಇನ್ನೂ ಕೂದಲು ಅಂಟಿತ್ತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ತಾವೇ ಪ್ರಶ್ನಿಸಿದರು.

"ಹನ್ನೆರಡಕ್ಕೆ ಯಾಕೆ ಆಫ್ ಮಾಡ್ಲಿಲ್ಲ?"

"ಲಾರಿ ಬರೋವರೆಗೂ ಓಡ್ಲಿ ಅಂದ್ರು ಅಣ್ಣ. ಸೀಲಿಗೆ ನಾಳೆ ತಾನೇ ಬರೋದು ಅಂತ." ಮಾಲೀಕನನ್ನು ಅವನು ಅಣ್ಣ ಎನ್ನುತ್ತಿದ್ದ.

"ಹೆಣ ಬಿದ್ದಿತ್ತಲ್ಲ ಕಾಲ ಬುಡದಲ್ಲಿ. ಎಂಟನೇ ಸಾಲು ಯಾಕೋ ಮತ್ತೆ ಹಾಕ್ದೆ?"

ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ನಿಂತೋಗಿತ್ತಲ್ಲ ಸಾರ್."

ಆರು ವರ್ಷ ಆ ಸದ್ದಿನಲ್ಲೇ ಇದ್ದು ಅವನ ಬಲಗಿವಿ ಕೆಟ್ಟಿತ್ತು. ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಯಂತ್ರಗಳ ಜೊತೆ ನಿನ್ನನ್ನೂ ಗಡಿಯಾಚೆ ಕರೆದೊಯ್ಯುತ್ತೇನೆ, ಆದರೆ ಒಂದು ಜಪ್ತಿಯಾದರೂ ನೀನು ಇಲ್ಲೇ ಎಂದಿದ್ದನಂತೆ ಮಾಲೀಕ. ಐದು ನಿಮಿಷ ಕೊಡಿ, ಆಫ್ ಮಾಡುತ್ತೇನೆ ಎಂದು ಇವನು, ಒಂದು ದಿನ ಮುಂಚೆಯೇ ಬಂದ ಅಧಿಕಾರಿಯ ಕಾಲು ಹಿಡಿದಿದ್ದ. ಅಧಿಕಾರಿ ಕಾಲು ಕೊಡವಿಕೊಂಡು ಜಪ್ತಿ ಪಟ್ಟಿ ಬರೆಯತೊಡಗಿದ್ದರು.

7.30ಕ್ಕೆ ಬಂಧನ ದಾಖಲಾಯಿತು. ಮಾಲೀಕನಿಗೂ ನೋಟಿಸ್ ಹೋಯಿತು. ಹೆಡ್ ಕಾನ್ಸ್‌ಟೆಬಲ್ ತಪ್ಪೊಪ್ಪಿಗೆಯ ಕಾಗದ ಹರಿಯಲು ಕೈ ಹಾಕಿದ. ಇನ್‌ಸ್ಪೆಕ್ಟರ್ ಅದನ್ನು ಕಸಿದು ಕಡತಕ್ಕೆ ಸೇರಿಸಿದರು. ಬಳಿಕ ಠಾಣಾ ಡೈರಿ ಎಳೆದುಕೊಂಡು, ವಾಚ್‌ಮನ್‌ನ ಎರಡು ಬೆರಳು ವಿಚಾರಣೆಯಲ್ಲಿ ಮುರಿದವು ಎಂದು ಬರೆದು, 'ನನ್ನ ಅನುಮತಿಯಿಂದ' ಎಂದು ಸೇರಿಸಿ ಸಹಿ ಹಾಕಿದರು.