ಮೂರನೆಯ ಗಾಜು

ಮಾರ್ಚ್ ಹನ್ನೊಂದು, ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಪಂಚಾಯಿತಿ ಅಧಿಕಾರಿ ಶಿವಕುಮಾರ್ ದುದ್ದ ಠಾಣೆಗೆ ಬಂದು ದೂರು ಕೊಟ್ಟರು. ಅವರ ಹಳ್ಳಿಯ ನೀರಿನ ಟ್ಯಾಂಕಿನ ಮೂರು ಕಂಬಗಳಲ್ಲಿ ಬಿರುಕು ಬಿಟ್ಟಿತ್ತು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಎಂಜಿನಿಯರ್ ಪ್ರತಿ ಬಿರುಕಿನ ಮೇಲೂ ಅಡ್ಡಡ್ಡ ಒಂದೊಂದು ಗಾಜಿನ ಪಟ್ಟಿ ಕೂರಿಸಿದ್ದರು. ಕಂಬ ಕದಲಿದರೆ ಗಾಜು ಒಡೆಯುತ್ತದೆ. ಒಡೆದರೆ ಟ್ಯಾಂಕ್ ಖಾಲಿ ಮಾಡಬೇಕು ಎಂದು ಊರಿಗೆಲ್ಲ ಹೇಳಿದ್ದರು. ನಿನ್ನೆ ರಾತ್ರಿ ಯಾರೋ ಮೂರನ್ನೂ ಒಡೆದಿದ್ದಾರೆ ಎಂಬುದು ಅವರ ದೂರು. ಊರಿಗೆ ನೀರಿಲ್ಲ.

ಸಬ್‌ಇನ್ಸ್‌ಪೆಕ್ಟರ್ ರವೀಂದ್ರ ಎಫ್‌ಐಆರ್ ದಾಖಲಿಸಿದರು. ಮೂರು ತುಂಡು ಗಾಜಿಗೆ ಜೀಪಿನ ಡೀಸೆಲ್ ದಂಡ ಎಂದು ಗೊಣಗುತ್ತಲೇ ಕಾನ್ಸ್‌ಟೇಬಲ್ ಲತಾಳೊಂದಿಗೆ ಹೊರಟರು.

ಪಂಚನಾಮೆಯಾಯಿತು. ಎರಡು ಗಾಜು ಪುಡಿಪುಡಿ, ಕೆಳಗೆ ಕಲ್ಲು. ಮೂರನೆಯದು ಜಾಗದಲ್ಲೇ ಇತ್ತು, ನಡುವೆ ಒಂದು ಸೀಳು ಮಾತ್ರ.

"ಇದೂ ಅವರದೇ ಕೆಲ್ಸಾನಾ ಮೇಡಂ?" ರವೀಂದ್ರ ಕೇಳಿದರು.

"ಏಟು ಮೆತ್ತಗೆ ಬಿದ್ರೂ ಹೀಗೇ ಸೀಳುತ್ತೆ, ಕಂಬ ಕದಲಿದ್ರೂ ಹೀಗೇ. ನೋಡಿ ಹೇಳಕ್ಕಾಗಲ್ಲ" ಎಂದರು ಹಾಸನದಿಂದ ಬಂದಿದ್ದ ಎಂಜಿನಿಯರ್ ಭವ್ಯಶ್ರೀ. "ಹೊಸ ಗಾಜು ಹಾಕಿ ಹದಿನೈದು ದಿನ ಕಾಯ್ಬೇಕು."

"ಅಲ್ಲೀಗಂಟ ಜನ ಏನು ಕುಡೀಬೇಕು?" ಶಿವಕುಮಾರ್ ರೇಗಿದರು. "ಕಿಡಿಗೇಡಿ ಕೆಲ್ಸ ಅಂತ ಕಣ್ಣಿಗೆ ಕಾಣ್ತೈತೆ. ಮೋಟಾರ್ ಹಾಕಿಸಿ ಟ್ಯಾಂಕ್ ತುಂಬಿಸ್ತೀನಿ."

ಟ್ಯಾಂಕಿನ ಕೆಳಗೇ ಆರು ಮನೆಗಳಿದ್ದವು. ಭವ್ಯಶ್ರೀ ಅವನ್ನೇ ನೋಡುತ್ತ, "ಒಡೆದವರು ಎಷ್ಟು ಒಡೆದ್ರು ಅಂತ ಗೊತ್ತಾದ್ರೆ ಸಾಕು ಸರ್" ಎಂದರು. ರವೀಂದ್ರರ ಗೊಣಗಾಟ ಅಲ್ಲಿಗೆ ನಿಂತಿತು.

ಆರರಲ್ಲಿ ಒಂದು ಮಾದಮ್ಮನದು. ಗಂಡ ಸತ್ತವಳು, ಒಂಟಿ. ಅವಳ ಅಂಗಳದ ಬಾವಿಯ ಸುತ್ತ ಊರಿನ ಹೆಂಗಸರ ನಗು, ಗದ್ದಲ. ಕಟ್ಟೆ ತೊಳೆದು ಥಳಥಳ ಎನ್ನುತ್ತಿತ್ತು.

"ಅಗ್ಗ ಒಸಾದು. ಯಾವಾಗ ತಂದೆ ಅಕ್ಕ?" ಬಾವಿಯ ಹಗ್ಗ ಮುಟ್ಟಿ ಲತಾ ಕೇಳಿದಳು.

"ಸೋಮವಾರ, ದುದ್ದದಾಗೆ ಕಣವ್ವ."

ಗಾಜು ಒಡೆದದ್ದು ಮಂಗಳವಾರ. ಮನೆಯಲ್ಲಿ ನಲ್ಲಿ ಇದ್ದವಳಿಗೆ ಸೋಮವಾರ ಹಗ್ಗ ಏಕೆ? ಲತಾ ಸಾಹೇಬರ ಕಿವಿಗೆ ಹಾಕಿದಳು. ಹೆಂಗಸರು ಹೋದ ಮೇಲೆ ರವೀಂದ್ರ ಬಂದು ನಿಂತರು.

"ನೀರು ನಿಲ್ಲೋದು ಮೊದಲೇ ಗೊತ್ತಿತ್ತಾ?"

ಮಾದಮ್ಮ ತಲೆ ತಗ್ಗಿಸಿದಳು.

"ಎಷ್ಟು ಗಾಜು ಒಡೆದೆ?"

"ಎಲ್ಡು ಸಾ."

"ಮೂರನೇದು?"

"ಆ ಕಡೀಕೆ ಓಗ್ಲೇ ಇಲ್ಲ ಸಾ, ನಾಯಿ ಬೊಗಳ್ತು. ನಮ್ಮವ್ವನಾಣೆ."

ಅಷ್ಟರಲ್ಲಿ ಮೋಟಾರಿನ ಸದ್ದು ಕೇಳಿಸಿತು. "ಆಫ್ ಮಾಡ್ರೋ!" ಎಂದು ಕೂಗುತ್ತ ರವೀಂದ್ರ ಓಡಿದರು. ಅವಳು ಮುಟ್ಟದ ಗಾಜು ಸೀಳಿದೆಯೆಂದರೆ ಕದಲಿದ್ದು ಕಂಬವೇ.

"ಯಾಕಕ್ಕ ಅಂಗ್ ಮಾಡ್ದೆ?" ಲತಾ ಪಕ್ಕದಲ್ಲಿ ಕುಳಿತಳು.

"ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತಿದ್ಲು ನಮ್ಮತ್ತೆ. ನಲ್ಲಿ ಬಂದ್ಮ್ಯಾಕೆ ಯಾರೂ ಬರ್ನಿಲ್ಲ ಕಣವ್ವ. ಓದ್ ತಿಂಗ್ಳು ಟ್ಯಾಂಕ್ ತೊಳೆಯಕೆ ಖಾಲಿ ಮಾಡ್ದಾಗ ಎಲ್ರೂ ಬಂದ್ರು. ನಂಗೂ ಮಾತಾಡಕೆ ಜನ ಸಿಕ್ಕಿದ್ರು."



ಸಂಜೆ ನಾಲ್ಕಕ್ಕೆ ದಸ್ತಗಿರಿ. ಟ್ಯಾಂಕ್ ಉರುಳಿದರೆ ಎಲ್ಲಿಯವರೆಗೆ ಬೀಳಬಹುದೋ ಅಲ್ಲಿಯವರೆಗೆ ಭವ್ಯಶ್ರೀ ಟೇಪು ಕಟ್ಟಿಸಿ ಆರು ಮನೆಗಳನ್ನೂ ಖಾಲಿ ಮಾಡಿಸಿದ್ದರು. ಬಾವಿಯೂ ಟೇಪಿನ ಒಳಗೆ ಸೇರಿತು. ಊರ ಆ ತುದಿಗೆ ಟ್ಯಾಂಕರ್ ಬಂದಿತ್ತು. ಹೆಂಗಸರು ಕೊಡ ಹಿಡಿದು ಅತ್ತ ಹೋಗುತ್ತಿದ್ದರು.

ಜೀಪು ಹತ್ತುವಾಗ ಮಾದಮ್ಮ ತಿರುಗಿ ನೋಡಿದಳು. "ಅಗ್ಗ ಅಲ್ಲೇ ಐತೆ ಕಣವ್ವ. ಇರ್ಲಿ ಬುಡು, ನಾಳೀಕೆ ಬತ್ತಾರಲ್ಲ?"

"ಇನ್ಮೇಲೆ ಈ ಕಡೆ ಯಾರನ್ನೂ ಬುಡಲ್ಲ ಅಕ್ಕ" ಎಂದಳು ಲತಾ.